14416: ದಾವಣಗೆರೆಯ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಟೆಲಿ ಮಾನಸ್ ಎಷ್ಟು ಉಪಯೋಗ?

ಮೊದಲೇ ಹೇಳಿಬಿಡುತ್ತೇವೆ: ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ ಮೊದಲ ಕರೆಗೆ ಚೆನ್ನಾಗಿದೆ, ಮೂರನೇ ವಾರದ ಆರೈಕೆಗೆ ಸಾಲದು. ತೋಳಹುಣಸೆಯ ಹಾಸ್ಟೆಲ್‌ನಲ್ಲೋ ವಿದ್ಯಾನಗರದ ಪಿಜಿಯಲ್ಲೋ ಇರುವ ಹುಡುಗ ಹುಡುಗಿಯರಿಗೆ ಈ ವ್ಯತ್ಯಾಸ ಗೊತ್ತಿದ್ದರೆ ಅರ್ಧ ನಿರಾಸೆ ತಪ್ಪುತ್ತದೆ.

ಇದು ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಸಹಾಯವಾಣಿ. ಮೇಲುಸ್ತುವಾರಿ ಬೆಂಗಳೂರಿನ ನಿಮ್ಹಾನ್ಸ್‌ನದು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. 14416 ಒತ್ತಿದರೆ ಮೊದಲು ಧ್ವನಿಮುದ್ರಿತ ಮಾತು, ಭಾಷೆಯ ಆಯ್ಕೆ, ಆಮೇಲೆ ಆಪ್ತಸಮಾಲೋಚಕರು. ಎಷ್ಟೋ ಮಂದಿ ಕಟ್ ಮಾಡುವುದು ಆ ಧ್ವನಿಮುದ್ರಿತ ಮಾತಿನ ಹೊತ್ತಿಗೇ. ‘ಮಷೀನ್ ಮಾತಾಡ್ತೈತಿ’ ಅಂತ ಇಟ್ಟುಬಿಡಬೇಡಿ, ದಾಟಿಕೊಂಡರೆ ಮನುಷ್ಯರೇ ಸಿಗುತ್ತಾರೆ.

ಆಚೆಯವರಿಗೆ ನಿಮ್ಮ ಮುಖ ಕಾಣುವುದಿಲ್ಲ. ‘ಒಂಥರಾ ಆಗ್ತೈತಿ’ ಅಂದರೆ ಏನೂ ತಿಳಿಯದು. ಕರೆಗೆ ಮುಂಚೆ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ನಾಲ್ಕು ಸಾಲು ಗೀಚಿಕೊಳ್ಳಿ: ಎಷ್ಟು ದಿನದಿಂದ ಹೀಗಿದೆ, ನಿದ್ದೆ ಎಷ್ಟು ಗಂಟೆ, ಊಟ ಸೇರುತ್ತಿದೆಯೇ, ಕ್ಲಾಸಿಗೆ ಹೋಗುವುದು ನಿಂತಿದೆಯೇ. ‘ಎರಡು ವಾರದಿಂದ ಬೆಳಗಿನ ಜಾವ ನಾಲ್ಕಕ್ಕೇ ಎಚ್ಚರ, ಲ್ಯಾಬ್ ತಪ್ಪಿಸ್ತಿದೀನಿ’ ಎಂಬ ಒಂದು ಮಾತಿನಿಂದ ಸಂಭಾಷಣೆ ನೇರ ವಿಷಯಕ್ಕೆ ಬರುತ್ತದೆ. ಎರಡು ವಾರ ಎಂದದ್ದು ಸುಮ್ಮನೆ ಅಲ್ಲ. ಮನಸ್ಸು ಕುಗ್ಗಿರುವುದೋ ಆಸಕ್ತಿ ಸತ್ತಿರುವುದೋ ಹೆಚ್ಚುಕಡಿಮೆ ಪ್ರತಿದಿನ ಎರಡು ವಾರ ಮುಂದುವರಿದರೆ ವೈದ್ಯರು ಖಿನ್ನತೆಯ ಕಡೆಗೆ ನೋಡುತ್ತಾರೆ. ಸಾಯುವ ಯೋಚನೆ ಬರುತ್ತದೆಯೇ ಎಂದೂ ಕರೆಯಲ್ಲಿ ಕೇಳುತ್ತಾರೆ. ಅದು ಎಲ್ಲರಿಗೂ ಕೇಳುವ ಪ್ರಶ್ನೆ. ಬಂದಿದ್ದರೆ ಹೌದು ಎನ್ನಿ.

ಕರೆ ಕೆಡುವುದು ಹೆಚ್ಚಾಗಿ ಜಾಗದಿಂದ. ನಾಲ್ಕು ಮಂಚದ ರೂಮಿನಲ್ಲಿ ಕೂತು ಬರೀ ‘ಹ್ಞೂ’, ‘ಇಲ್ಲ’ ಅಂದರೆ ಆ ಕಡೆಯವರು ಏನು ತಾನೆ ಮಾಡಿಯಾರು? ಮೈದಾನದ ಕಡೆ ಹೋಗಿ, ಅರ್ಧ ಗಂಟೆ ಬಿಡುವಿಟ್ಟುಕೊಂಡು ಮಾತಾಡಿ. ಮತ್ತೆ ಕರೆ ಮಾಡಿದಾಗ ಅದೇ ಧ್ವನಿ ಸಿಗುವ ಖಾತ್ರಿ ಇಲ್ಲವಾದ್ದರಿಂದ ಆ ಹಾಳೆ ಹರಿಯಬೇಡಿ.

ಆಪ್ತಸಮಾಲೋಚಕರು ಮಾತ್ರೆ ಬರೆಯುವುದಿಲ್ಲ. ಅಗತ್ಯ ಕಂಡರೆ ತಜ್ಞರಿಗೆ ದಾಟಿಸುತ್ತಾರೆ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಹೋಗಿ ಎನ್ನುತ್ತಾರೆ. ಕೊಂಡಿ ಕಳಚುವುದು ಇಲ್ಲಿ. ದಾವಣಗೆರೆಯಲ್ಲಿ ಸರ್ಕಾರಿ ದಾರಿ ಎಂದರೆ ಚಿಗಟೇರಿ ಜಿಲ್ಲಾ ಆಸ್ಪತ್ರೆ. ಬೆಳಿಗ್ಗೆ ಹೋಗಿ ಚೀಟಿ ಮಾಡಿಸುವಾಗ ‘ಮಾನಸಿಕ ರೋಗ ವಿಭಾಗ’ ಅಂತ ಬಾಯಿಬಿಟ್ಟು ಹೇಳಬೇಕು. ಸಂಕೋಚಪಟ್ಟು ‘ಸುಸ್ತು’ ಎಂದವರು ಜನರಲ್ ಮೆಡಿಸಿನ್ ಸಾಲಿನಲ್ಲಿ ನಿಂತು, ವಿಟಮಿನ್ ಮಾತ್ರೆ ತಗೊಂಡು ವಾಪಸ್ ಬರುತ್ತಾರೆ. ಹಾಗಂತ ಸುಸ್ತು ಸುಳ್ಳೆಂದಲ್ಲ. ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆ ಬರೆದರೆ ಮಾಡಿಸಿ. ರಕ್ತಹೀನತೆಯೂ ಇದೇ ವೇಷದಲ್ಲಿ ಬರುತ್ತದೆ.

ಮಾತ್ರೆ ಕೊಟ್ಟರೆ ಇನ್ನೊಂದು ತೊಡಕು. ಖಿನ್ನತೆಯ ಮಾತ್ರೆ ಗುಣ ತೋರಿಸಲು 2ರಿಂದ 4 ವಾರ ಬೇಕು. ಹೊಟ್ಟೆ ತೊಳಸುವುದು, ತಲೆನೋವು ಮಾತ್ರ ಮೊದಲ ದಿನಗಳಲ್ಲೇ ಹಾಜರ್. ಹೀಗಾಗಿ ಐದಾರು ದಿನಕ್ಕೇ ‘ನಂಗೆ ಒಗ್ಗಲಿಲ್ಲ’ ಎಂದು ಬಿಡುವವರು ಬಹಳ. ಬಿಡುವ ಮುಂಚೆ ವೈದ್ಯರನ್ನು ಕೇಳಿ. ಈ ವಯಸ್ಸಿನವರಲ್ಲಿ ಶುರುವಿನ ವಾರಗಳಲ್ಲಿ ಚಡಪಡಿಕೆಯೋ ಸಾಯುವ ಯೋಚನೆಯೋ ಹೆಚ್ಚಾದರೆ ಮುಂದಿನ ತಾರೀಕಿನವರೆಗೆ ಕಾಯದೆ ಅವತ್ತೇ ಹೋಗಬೇಕು.

ಇಂಟರ್ನಲ್ಸ್ ಹಿಂದಿನ ರಾತ್ರಿ ಎದೆ ಹೊಡೆದುಕೊಂಡು ಕ್ಯಾಶುವಾಲ್ಟಿಗೆ ಓಡುವ ಪ್ರಸಂಗವೂ ಇದೆ. ಇಸಿಜಿ ನಾರ್ಮಲ್, ‘ಏನಿಲ್ಲ, ಹೋಗು’. ಅದು ಪ್ಯಾನಿಕ್ ಅಟ್ಯಾಕ್, ಅಂದರೆ ದಿಢೀರನೆ ನುಗ್ಗುವ ವಿಪರೀತ ಭಯ ಇರಬಹುದು. ಅದು ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಇಳಿಯುತ್ತದೆ, ಆದ್ದರಿಂದ ಆಸ್ಪತ್ರೆ ಸೇರುವಷ್ಟರಲ್ಲಿ ಏನೂ ಇರುವುದಿಲ್ಲ. ಆ ಇಸಿಜಿ ಕಾಗದ ಇಟ್ಟುಕೊಂಡು ಮರುದಿನ 14416ಕ್ಕೆ ಕರೆ ಮಾಡಿ. ಇಂಥದ್ದಕ್ಕೆ ಈ ಸೇವೆ ಹೇಳಿ ಮಾಡಿಸಿದ ಹಾಗಿದೆ.

ಕಾಲೇಜಿನ ವ್ಯವಸ್ಥೆಗೆ ಹೋಲಿಸಿದರೆ? ಬಹುತೇಕ ಕಡೆ ಇರುವುದು ಮೆಂಟರ್ ಪುಸ್ತಕ: ಹಾಜರಾತಿ, ಅಂಕ, ಸಹಿ. ‘ಎಲ್ಲಾ ಆರಾಮ ಐತಿಲ್ಲೇನಪ್ಪಾ?’ ‘ಹ್ಞೂ ಸರ್.’ ಮುಗಿಯಿತು. ಅಂಕ ಹಾಕುವವರ ಎದುರು ಯಾರು ತಾನೆ ಅಳುತ್ತಾರೆ? ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರನ್ನು ಇಟ್ಟುಕೊಳ್ಳಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ಟೆಲಿ ಮಾನಸ್ ಸೇರಿದಂತೆ ಸಹಾಯವಾಣಿ ಸಂಖ್ಯೆಗಳನ್ನು ಹಾಸ್ಟೆಲ್, ತರಗತಿಗಳಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಬೇಕೆಂದೂ ಹೇಳಿದೆ. ನಿಮ್ಮ ನೋಟಿಸ್ ಬೋರ್ಡಿನಲ್ಲಿ ಇಲ್ಲದಿದ್ದರೆ ವಾರ್ಡನ್ನರನ್ನು ಕೇಳುವ ಹಕ್ಕು ನಿಮಗಿದೆ.

‘ಮನೆಗೆ ಗೊತ್ತಾಗುತ್ತಾ?’ ಎಲ್ಲರದೂ ಇದೇ ಅಂಜಿಕೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಗೋಪ್ಯತೆಯ ಹಕ್ಕು ಕೊಡುತ್ತದೆ. ಜೀವಕ್ಕೆ ಅಪಾಯವಿದ್ದಾಗ ಅದಕ್ಕೆ ವಿನಾಯಿತಿ ಉಂಟು. ಆದರೆ ಮೊದಲ ವರ್ಷದವರಲ್ಲಿ 17 ದಾಟದವರು ಕಡಿಮೆಯೇನಿಲ್ಲ. 18 ತುಂಬದವರ ಚಿಕಿತ್ಸೆಯ ತೀರ್ಮಾನದಲ್ಲಿ ಪೋಷಕರು ಇರಲೇಬೇಕು. ಫೋನಿನಲ್ಲಿ ಮಾತಾಡಲು ಅಡ್ಡಿಯಿಲ್ಲ, ಆಸ್ಪತ್ರೆಗೆ ಹೋಗುವ ಹೊತ್ತಿಗೆ ಅಪ್ಪನಿಗೋ ಅವ್ವನಿಗೋ ಹೇಳಬೇಕಾದೀತು. ಹೇಗೆ ಹೇಳುವುದೆಂದು ಆಪ್ತಸಮಾಲೋಚಕರನ್ನೇ ಕೇಳಿ, ದಾರಿ ತೋರಿಸುತ್ತಾರೆ.

ನಮ್ಮ ಅಂಕ: ಮೊದಲ ಕರೆಗೆ ಐದಕ್ಕೆ ನಾಲ್ಕು, ನಂತರದ ಆರೈಕೆಗೆ ಎರಡೂವರೆ. ರ‍್ಯಾಗಿಂಗ್ ದೂರಿಗೆ ಇದು ಬೇಡ, ಯುಜಿಸಿಯ 1800-180-5522 ಬೇರೆಯೇ ಇದೆ. ಈ ಕ್ಷಣವೇ ಜೀವಕ್ಕೆ ಅಪಾಯ ಅನ್ನಿಸಿದರೆ 112, ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಂಡು.

ರಜೆಗೆ ಚನ್ನಗಿರಿ, ಜಗಳೂರು, ಹೊಸದುರ್ಗ, ಚಳ್ಳಕೆರೆ ಕಡೆ ಹೋಗುವವರು ಮಾತ್ರೆ ಮುಗಿಯಿತೆಂದು ನಿಲ್ಲಿಸಬೇಕಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯಕ್ಕೆಂದೇ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಎಂಬ ವ್ಯವಸ್ಥೆ ಇದೆ. ವೈದ್ಯರು ಯಾವ ವಾರ ಬರುತ್ತಾರೆಂದು ಮೊದಲೇ ವಿಚಾರಿಸಿಕೊಂಡು, ಹಳೆಯ ಚೀಟಿ ಜೊತೆಗೆ ಒಯ್ಯಿರಿ.