ಎಸ್‌ಟಿಪಿ ನೀರಿಗೆ ಪೆರಾಸಿಟಿಕ್ ಆಸಿಡ್: ಹೈಪೋ ಬಿಟ್ಟ ಮೇಲಿನ ಅನುಭವ

ಪುಣೆಯ ವಾಕಡ್‌ನಲ್ಲಿ ನಮ್ಮ ಸೊಸೈಟಿ. ಎಸ್‌ಟಿಪಿಯಲ್ಲಿ (ಕೊಳಚೆ ನೀರು ಶುದ್ಧೀಕರಿಸುವ ಘಟಕ) ಶುದ್ಧವಾದ ನೀರನ್ನು ಫ್ಲಶ್‌ಗೂ ಗಿಡಗಳಿಗೂ ಬಿಡುತ್ತೇವೆ, ಉಸ್ತುವಾರಿ ನನ್ನದು. ಆ ನೀರಿನ ಕ್ರಿಮಿ ಕೊಲ್ಲಲು ಮೊದಲು ಹೈಪೋ (ಸೋಡಿಯಂ ಹೈಪೋಕ್ಲೋರೈಟ್, ಅಂದರೆ ಕ್ಲೋರಿನ್ ದ್ರಾವಣ) ಇತ್ತು. ಈಗ ಎರಡು ವರ್ಷದಿಂದ 5 ಪರ್ಸೆಂಟ್ ಪೆರಾಸಿಟಿಕ್ ಆಸಿಡ್. ಮತ್ತೆ ಹೈಪೋಗೆ ಹೋಗುವ ಮನಸ್ಸಿಲ್ಲ.

ಹೈಪೋ ತೊಂದರೆ ಏನಂದ್ರೆ, ನೀರಲ್ಲಿ ಅಮೋನಿಯಾ ಉಳಿದಿದ್ದರೆ ಕ್ಲೋರಿನ್ ಮೊದಲು ಅದರ ಜೊತೆ ಸೇರಿ ಕ್ಲೋರಮೈನ್ ಆಗುತ್ತದೆ. ಕ್ರಿಮಿ ಕೊಲ್ಲುವ ಶಕ್ತಿ ಕುಗ್ಗುತ್ತದೆ, ಟಾಯ್ಲೆಟ್‌ನಲ್ಲಿ ಘಾಟು ಉಳಿಯುತ್ತದೆ. ಏಪ್ರಿಲ್, ಮೇ ಬಿಸಿಲಿಗೆ ಕ್ಯಾನ್‌ನಲ್ಲೇ ಅದರ ಸತ್ವ ಇಳಿಯುವುದು ಬೇರೆ. ಪೆರಾಸಿಟಿಕ್ ಅಮೋನಿಯಾ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಕೊನೆಗೆ ಒಡೆದು ಅಸಿಟಿಕ್ ಆಸಿಡ್, ನೀರು, ಆಕ್ಸಿಜನ್ ಆಗುತ್ತದೆ. ಕ್ಲೋರಿನ್‌ನಿಂದ ಹುಟ್ಟುವ ಟ್ರೈಹ್ಯಾಲೋಮೀಥೇನ್ ಎಂಬ ಹಾನಿಕಾರಕ ರಾಸಾಯನಿಕಗಳ ಚಿಂತೆ ಇಲ್ಲ. ಫ್ಲಶ್ ನೀರಿನ ಘಾಟಿನ ಬಗ್ಗೆ ಬರುತ್ತಿದ್ದ ದೂರು ನಿಂತೇ ಹೋಯಿತು.

ಲೆಕ್ಕ ಸುಲಭ. ಲೀಟರಿಗೆ 2 ಮಿಲಿಗ್ರಾಂ ಹಿಡಿದರೆ 50,000 ಲೀಟರಿಗೆ 100 ಗ್ರಾಂ ಆಸಿಡ್, ಅಂದರೆ 5 ಪರ್ಸೆಂಟ್ ದ್ರಾವಣ 2 ಕೆಜಿ. ಆದ್ರೆ ಹೈಪೋಗಿಂತ ದುಬಾರಿ, ಮೀಟಿಂಗ್‌ನಲ್ಲಿ ಪ್ರತಿ ಸಲ ಇದೇ ಚರ್ಚೆ. ಫಿಲ್ಟರ್ ಸರಿಯಿಲ್ಲದೆ ನೀರು ಕದಡಿದ್ದರೆ ಎಷ್ಟು ಸುರಿದರೂ ಸುಮ್ನೆ ದುಡ್ಡು ಹಾಳು, ಮೊದಲು ಫಿಲ್ಟರ್ ತೊಳೆಯಿರಿ. ಅಸಿಟಿಕ್ ಆಸಿಡ್ ಉಳಿಯುವುದರಿಂದ ಬಿಓಡಿ (ನೀರಿನ ಸಾವಯವ ಕೊಳೆಯ ಅಳತೆ) ಸ್ವಲ್ಪ ಏರುತ್ತದೆ, ಹಾಗಾಗಿ ಜಾಸ್ತಿ ಹಾಕಿದರೆ ಒಳ್ಳೆಯದು ಅನ್ನುವ ಲೆಕ್ಕ ಇಲ್ಲಿ ನಡೆಯಲ್ಲ.

ಸುರಕ್ಷತೆ ವಿಷಯ ದಯವಿಟ್ಟು ಗಮನವಿಟ್ಟು ಓದಿ. ಕ್ಯಾನ್ ತೆರೆದಾಗ ವಿನೆಗರ್ ವಾಸನೆ ಮೂಗು ಕೊರೆಯುತ್ತದೆ, ಮೈಮೇಲೆ ಬಿದ್ದರೆ ಸುಡುತ್ತದೆ. ಕನ್ನಡಕ, ಗ್ಲೌಸ್ ಇಲ್ಲದೆ ಆಪರೇಟರ್‌ನನ್ನು ಹತ್ತಿರ ಕಳಿಸಬೇಡಿ, ಅವನೂ ಯಾರದೋ ಮನೆಯ ಮಗ ಅಲ್ವಾ. ಈ ಆಸಿಡ್ ತಾನಾಗಿ ಆಕ್ಸಿಜನ್ ಬಿಡುತ್ತಿರುತ್ತದೆ, ಅದಕ್ಕೇ ಗಾಳಿ ಹೋಗುವ ಮುಚ್ಚಳ ಇರಲೇಬೇಕು. ಒಮ್ಮೆ ನಮ್ಮ ಸಪ್ಲೈಯರ್ ಬಿಗಿ ಮುಚ್ಚಳದ ಕ್ಯಾನ್ ಕಳಿಸಿದ್ದ, ಬರುವಷ್ಟರಲ್ಲಿ ಹೊಟ್ಟೆ ಉಬ್ಬಿತ್ತು, ವಾಪಸ್ ಕಳಿಸಿದೆವು. ಹಿತ್ತಾಳೆ, ತಾಮ್ರ, ಕಬ್ಬಿಣ ತಾಗಿಸಬೇಡಿ. ಹಳೆಯ ಹೈಪೋ ಡ್ರಮ್ಮಿಗೆ ಅಂತೂ ಯಾವ ಕಾರಣಕ್ಕೂ ಸುರಿಯಬೇಡಿ, ಕ್ಲೋರಿನ್ ಗ್ಯಾಸ್ ಏಳುತ್ತದೆ.

ಕುಡಿಯುವ ನೀರಿನ ಟ್ಯಾಂಕಿಗೆ ನಾವು ಈಗಲೂ ಕ್ಲೋರಿನ್ನೇ ಬಳಸುತ್ತೇವೆ. ಪೈಪಿನುದ್ದಕ್ಕೂ ಕಾವಲು ಉಳಿಯಬೇಕಲ್ಲ, ಪೆರಾಸಿಟಿಕ್ ಅಷ್ಟು ಹೊತ್ತು ನಿಲ್ಲುವುದಿಲ್ಲ. ಕೊಳ್ಳುವಾಗ ತಯಾರಾದ ದಿನಾಂಕ ನೋಡಿ, ಚಿಕ್ಕ ಕ್ಯಾನ್‌ಗಳಲ್ಲೇ ತರಿಸಿ, ನೆರಳಲ್ಲಿಡಿ.