ಗ್ರ್ಯಾಪಲ್ ಕೊಳ್ಳುವ ಮುನ್ನ ಅದರ ತಳ ನೋಡಿ

ಹಳೇ ಕಾಫಿ ಕಿತ್ತು ಮರುನಾಟಿಗೆ ಜಾಗ ಮಾಡುತ್ತಿರುವವರು, ಬಾಣೆಯ (ಗುಡ್ಡದ ಕಾಡುಜಾಗದ) ಲಂಟಾನ ತೆಗೆಸಬೇಕೆಂದಿರುವವರು ಟ್ರ್ಯಾಕ್ಟರ್ ಮುಂದಿನ ಎತ್ತುವ ತೋಳಿಗೆ, ಅಂದರೆ ಲೋಡರಿಗೆ, ಗ್ರ್ಯಾಪಲ್ (ಕಚ್ಚಿ ಹಿಡಿದು ಎತ್ತುವ ದವಡೆಯ ಸಲಕರಣೆ) ಕೊಳ್ಳುವ ಯೋಚನೆಯಲ್ಲಿದ್ದರೆ ದಯವಿಟ್ಟು ಇದನ್ನು ಓದಿ. ಕೊಡಗಿನ ಸೋಮವಾರಪೇಟೆ ಕಡೆಯ ನಮ್ಮ ತೋಟಕ್ಕೆ ಮಾರಾಟಗಾರರೊಬ್ಬರು "ಎಲ್ಲ ಕೆಲಸಕ್ಕೂ ಆಗುತ್ತೆ ಸಾರ್" ಎಂದು ಹೇಳಿ ಕೊಟ್ಟ ಗ್ರ್ಯಾಪಲ್‌ನಿಂದ ದುಡ್ಡು ಹೋಯಿತು. ದುಡ್ಡಿಗಿಂತ ಹೊಟ್ಟೆ ಉರಿಯುವುದು ಮಣ್ಣು ಹೋದದ್ದಕ್ಕೆ.

ನಾವು ಕೇಳಿದ್ದು ಬೇರು ಕೀಳುವುದಕ್ಕೆ. ಅವರು ತಂದು ಕೂರಿಸಿದ್ದು ಬಕೆಟ್ ಗ್ರ್ಯಾಪಲ್. ಅದರ ತಳ ಪೂರ್ತಿ ಮುಚ್ಚಿದ ಪ್ಲೇಟು, ಮೇಲಿನಿಂದ ಕಚ್ಚುವ ದವಡೆ. ಗೊಬ್ಬರ ತುಂಬಲು, ಒಡೆದ ಗೋಡೆಯ ಕಲ್ಲು ಸಾಗಿಸಲು ಅದು ಸರಿ. ನಮ್ಮ ಕೆಲಸಕ್ಕೆ ಬೇಕಿದ್ದದ್ದು ರೂಟ್ ಗ್ರ್ಯಾಪಲ್. ಅದಕ್ಕೆ ತಳದಲ್ಲೂ ಬಿಡಿಬಿಡಿಯಾಗಿ ಹಲ್ಲುಗಳಿರುತ್ತವೆ. ಬೊಡ್ಡೆ ಎತ್ತಿ ಎರಡು ಸಲ ಕುಲುಕಿದರೆ ಮಣ್ಣು ಸಂದಿಯಿಂದ ಉದುರಿ ಅಲ್ಲೇ ಬೀಳುತ್ತದೆ.

ನಮ್ಮಲ್ಲಿ ಪ್ರತಿ ರೋಬಸ್ಟಾ ಬೊಡ್ಡೆಯ ಜೊತೆ ಮಣ್ಣೂ ರಾಶಿಗೆ ಹೋಯಿತು. ಒಣಗಿದ ಮೇಲೆ ಬೆಂಕಿ ಕೊಟ್ಟರೆ ಮೇಲಿನ ಸೊಪ್ಪು ಉರಿಯಿತು, ಒಳಗೆ ಬರೀ ಹೊಗೆ. ರಾಶಿ ಬಿಡಿಸಿದಾಗ ಒಳಗಿದ್ದದ್ದು ಹಾಲುವಾಣ, ಸಿಲ್ವರ್ ಓಕ್ ಎಲೆ ಕೊಳೆತು ವರ್ಷಗಟ್ಟಲೆ ಆದ ಕಪ್ಪು ಮಣ್ಣು, ಹಿಡಿದರೆ ಕೈಯಲ್ಲಿ ಪುಡಿಪುಡಿಯಾಗುವಂಥದ್ದು. ಗಿಡವಿದ್ದ ಜಾಗದಲ್ಲಿ ಉಳಿದದ್ದು ಕೆಂಪು ಮಣ್ಣಿನ ಹೊಂಡ. ಮೊದಲ ಜೋರು ಮಳೆಗೇ ಹೊಂಡದಿಂದ ಹೊಂಡಕ್ಕೆ ನೀರು ಕೊರೆದುಕೊಂಡು ಇಳಿಯಿತು. 2018ರ ಆಗಸ್ಟ್‌ನಲ್ಲಿ ಗುಡ್ಡಗಳೇ ಜರಿದದ್ದನ್ನು ಕಂಡ ಜಿಲ್ಲೆ ನಮ್ಮದು. ಇಳಿಜಾರಿನ ಮೇಲ್ಮಣ್ಣಿನ ಜೊತೆ ಇಷ್ಟು ಸಲೀಸಾಗಿ ಆಟವಾಡುವ ಸಲಕರಣೆಯನ್ನು ಇಲ್ಲಿ ಯಾರೂ ಮಾರಬಾರದು.

ಲಂಟಾನದ ಕಥೆಯೂ ಅದೇ. ಚಪ್ಪಟೆ ಅಂಚು ಕಾಂಡವನ್ನು ಕತ್ತರಿಸುತ್ತದೆ, ಬುಡ ಮಣ್ಣಲ್ಲೇ ಉಳಿಯುತ್ತದೆ, ಮಳೆ ಬಿದ್ದ ಕೂಡಲೇ ಮತ್ತೆ ಚಿಗುರು. ಹಲ್ಲು ಬುಡದ ಕೆಳಗೆ ಹೊಕ್ಕು ಬೇರುಸಮೇತ ಮೇಲೆತ್ತಬೇಕು.

ತೂಕದ ವಿಷಯದಲ್ಲಿ ಆದದ್ದಂತೂ ಅಪಾಯಕಾರಿ. "ಲೋಡರ್ 800 ಕೆಜಿ ಎತ್ತುತ್ತೆ" ಅಂದರು. ಗ್ರ್ಯಾಪಲ್‌ನ ಸ್ವಂತ ತೂಕವೇ 350 ಕೆಜಿ ಎಂದು ಹೇಳಲಿಲ್ಲ. ಉಳಿಯುವುದು 450. ಅದೂ ಲೋಡರಿಗೆ ಗ್ರ್ಯಾಪಲ್ ಸಿಕ್ಕಿಸುವ ಪಿನ್ ಹತ್ತಿರದ ಲೆಕ್ಕ, ದವಡೆಯ ತುದಿಯಲ್ಲಿ ಭಾರ ಕೂತರೆ ಇನ್ನೂ ಕಡಿಮೆ. ಮಣ್ಣು ಮೆತ್ತಿದ ಬೊಡ್ಡೆ ಎತ್ತಿದಾಗ ಇಳಿಜಾರಿನಲ್ಲಿ ಹಿಂದಿನ ಚಕ್ರ ನೆಲ ಬಿಟ್ಟಿತು. ಡ್ರೈವರ್ ತಕ್ಷಣ ಇಳಿಸಿದ್ದರಿಂದ ಬಚಾವಾದ. ಟ್ರ್ಯಾಕ್ಟರಿನ ಹಿಂದೆ ಭಾರ ಕಟ್ಟಲೇಬೇಕು, ಹೊರೆಯನ್ನು ನೆಲಕ್ಕೆ ಹತ್ತಿರವೇ ಇಟ್ಟು ಸಾಗಿಸಬೇಕು, ಹೊರೆ ಹೊತ್ತು ಇಳಿಜಾರಿಗೆ ಅಡ್ಡ ತಿರುಗಿಸಬಾರದು. ಇದನ್ನು ಹೇಳಿಕೊಡುವುದು ಮಾರುವವರ ಕೆಲಸವಾಗಿತ್ತು.

ದವಡೆಗೆ ಎಣ್ಣೆ ಒಯ್ಯುವ ಹೋಸ್ ಹೊರಗೆ ಜೋತಾಡುತ್ತಿತ್ತು, ಕೊಂಬೆ ಸಿಕ್ಕಿ ಹರಿಯಿತು. ದವಡೆ ಮುಚ್ಚಿಸುವ ಸಿಲಿಂಡರಿಗೆ ಕವಚವಿಲ್ಲದೆ ರಾಡ್ ಮೇಲೆ ಗೀರು ಬಿದ್ದು ಸೀಲ್ ಹೋಯಿತು, ಎಣ್ಣೆ ಜಿನುಗತೊಡಗಿತು. (ಜಿನುಗುವ ಜಾಗವನ್ನು ಬರಿಗೈಯಲ್ಲಿ ಮುಟ್ಟಿ ಹುಡುಕಬೇಡಿ. ಒತ್ತಡದ ಎಣ್ಣೆ ಚರ್ಮದೊಳಗೇ ನುಗ್ಗುತ್ತದೆ. ರಟ್ಟಿನ ತುಂಡು ಹಿಡಿದು ನೋಡಿ.) ದವಡೆಯೂ ಅಗಲಕ್ಕೆ ಒಂದೇ ಇತ್ತು, ಒಂದು ಬದಿ ದಪ್ಪ ಬೊಡ್ಡೆ ಸಿಕ್ಕರೆ ಇನ್ನೊಂದು ಬದಿಯ ಕೊಂಬೆಗಳೆಲ್ಲ ಜಾರುತ್ತಿದ್ದವು. ಬೇರೆಬೇರೆಯಾಗಿ ಮುಚ್ಚುವ ಎರಡು ದವಡೆ ಇರುವುದನ್ನೇ ಕೇಳಿ.

ವಾಪಸ್ ತೆಗೆದುಕೊಳ್ಳಿ ಎಂದರೆ "ಬಳಸಿದ ಮೇಲೆ ಆಗಲ್ಲ" ಎಂಬ ಉತ್ತರ ಬಂತು. ಆದ್ದರಿಂದ ಗ್ರ್ಯಾಪಲ್‌ನ ತೂಕ, ಅದಕ್ಕೆ ಬೇಕಾದ ಎಣ್ಣೆಯ ಹರಿವು ನಿಮಿಷಕ್ಕೆ ಎಷ್ಟು ಲೀಟರ್, ನಿಮ್ಮ ಟ್ರ್ಯಾಕ್ಟರ್ ಅಷ್ಟು ಕೊಡುತ್ತದೆಯೇ, ದವಡೆಗೆ ಪ್ರತ್ಯೇಕ ಹೈಡ್ರಾಲಿಕ್ ಲೈನ್ ಇದೆಯೇ, ಇಷ್ಟನ್ನೂ ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ. ಅವರ ಅಂಗಳದ ಸಮತಟ್ಟು ನೆಲದಲ್ಲಿ ತೋರಿಸಿದರೆ ಒಪ್ಪಬೇಡಿ. ನಿಮ್ಮ ತೋಟದಲ್ಲೇ ಒಂದು ಬೊಡ್ಡೆ ಕೀಳಿಸಿ, ಕುಲುಕಿಸಿ, ಮಣ್ಣು ಉದುರಿದ ಮೇಲೆ ಬಾಕಿ ಹಣ ಕೊಡಿ.