ಎರ್ರಾದುರಾ ರೆಪೊಸಾಡೊ ಟೆಕಿಲಾ: ಮೂರು ವರ್ಷದ ಬಳಕೆಯ ಅನುಭವ

ಕೆಲಸಕ್ಕೆಂದು ಮೆಕ್ಸಿಕೊದ ಗ್ವಾದಲಹಾರಕ್ಕೆ ಬಂದು ಮೂರು ವರ್ಷವಾಯಿತು. ಅಂದಿನಿಂದ ಮನೆಯಲ್ಲಿ ಲಾಳದ ಗುರುತಿನ ಈ ಬಾಟಲಿ ಇದ್ದೇ ಇದೆ. ಬೆಂಗಳೂರಿನಲ್ಲಿದ್ದಾಗ ಟೆಕಿಲಾ ಅಂದರೆ ಉಪ್ಪು ನೆಕ್ಕಿ, ಒಂದೇ ಗುಟುಕಿಗೆ ಇಳಿಸಿ, ನಿಂಬೆ ಕಚ್ಚುವುದು ಅಂತಲೇ ತಿಳಿದಿದ್ದೆ. ಪೀಪಾಯಿಯಲ್ಲಿ ಮಾಗಿದ ಟೆಕಿಲಾವನ್ನು ದಯವಿಟ್ಟು ಹಾಗೆ ಕುಡಿಯಬೇಡಿ.

ಇದನ್ನು ತಯಾರಿಸುವ ಅಮಾತಿತಾನ್ ಊರು ಇಲ್ಲಿಗೆ ಹತ್ತಿರ. ಡಿಸ್ಟಿಲರಿ ನೋಡಲು ಹೋದಾಗ ಗೂಡಿನಲ್ಲಿ ಬೆಂದ ಅಗಾವೆ ಚೂರು ಕೈಗಿತ್ತರು. ಟೆಕಿಲಾ ಮಾಡುವುದು ಈ ಅಗಾವೆಯಿಂದಲೇ, ನಮ್ಮ ಬೇಲಿಯ ಕತ್ತಾಳೆಯ ಜಾತಿಯದೇ ಗಿಡ. ಕಬ್ಬಿನ ಹಾಗೆ ಜಗಿದು ನಾರು ಉಗಿದೆ. ಬಾಯಲ್ಲೆಲ್ಲ ಜೋನಿಬೆಲ್ಲ. ಸುತ್ತ ಆಲೆಮನೆಯದೇ ಘಮ. ಒಂದು ಕ್ಷಣ ಮಂಡ್ಯದಲ್ಲಿದ್ದೇನೆ ಅನ್ನಿಸಿತು.

ಆ ಘಮ ಬಾಟಲಿಯಲ್ಲೂ ಉಳಿದಿದೆ. ಅದಕ್ಕೇ ಇದು ನನಗಿಷ್ಟ. ಓಕ್ ಮರದ ಪೀಪಾಯಿಯಲ್ಲಿ 2 ತಿಂಗಳು ಇಟ್ಟರೂ ಟೆಕಿಲಾವನ್ನು ರೆಪೊಸಾಡೊ ಅನ್ನಬಹುದು. ಇವರು 11 ತಿಂಗಳು ಇಡುತ್ತಾರೆ. ಚಕ್ಕೆ, ವೆನಿಲಾ ಎಲ್ಲ ಬರುತ್ತವೆ, ಆದರೆ ಅಗಾವೆಯನ್ನು ಮುಚ್ಚಿಹಾಕುವುದಿಲ್ಲ. ಒಂದು ವರ್ಷ ದಾಟಿದ್ದು ಅನ್ಯೆಹೊ. ಅದೂ ಚೆನ್ನಾಗಿಯೇ ಇರುತ್ತದೆ, ಆದರೆ ಅಲ್ಲಿ ಮರದ ರುಚಿ ಜಾಸ್ತಿ. ವಿಸ್ಕಿ ಇಷ್ಟಪಡುವವರಿಗೆ ಅದೇ ಹಿಡಿಸಬಹುದು.

ಸುಮ್ನೆ ಕುಡಿಯುವಾಗ ಐಸ್ ಬೇಡ. ಬಾಯಿ ಕಿರಿದಾದ ಗ್ಲಾಸಿಗೆ 45 ಮಿ.ಲೀ. ಹಾಕಿ ಹತ್ತು ನಿಮಿಷ ಬಿಡುತ್ತೇನೆ. ಮೊದಲಿನ ಖಾರ ವಾಸನೆ ಹೋಗಿ ಸಿಹಿ ಮೇಲೆ ಬರುತ್ತದೆ. ಒಂದು ಗುಟುಕನ್ನು ನಾಲಿಗೆಯ ಮೇಲೆ ಸ್ವಲ್ಪ ಹೊತ್ತು ಇಟ್ಟುಕೊಳ್ಳಿ. ಕೊನೆಗೆ ಗಂಟಲಲ್ಲಿ ಕಾಳುಮೆಣಸಿನ ಬಿಸಿ ನಿಲ್ಲುತ್ತದೆ, ಉರಿ ಅಲ್ಲ.

ಕಾಕ್‌ಟೇಲ್‌ಗಳಲ್ಲಿ ಓಲ್ಡ್ ಫ್ಯಾಶನ್ಡ್‌ಗೆ ನನ್ನ ಮೊದಲ ಮತ. 60 ಮಿ.ಲೀ. ರೆಪೊಸಾಡೊ, ಒಂದು ಟೀ ಚಮಚ ಅಗಾವೆ ಸಿರಪ್, ಎರಡು ಹನಿ ಆಂಗೊಸ್ಟುರಾ ಬಿಟರ್ಸ್ (ಕಹಿ ಮಸಾಲೆ ಸಾರ), ಒಂದು ದೊಡ್ಡ ಐಸ್ ತುಂಡು. ಕಿತ್ತಳೆ ಸಿಪ್ಪೆಯನ್ನು ಗ್ಲಾಸಿನ ಮೇಲೆ ಹಿಂಡಿದರೆ ಎಣ್ಣೆ ಚಿಮ್ಮುತ್ತದಲ್ಲ, ಆ ಘಮಕ್ಕೂ ಚಕ್ಕೆಯ ರುಚಿಗೂ ಒಳ್ಳೆ ಜೋಡಿ. ಮಾರ್ಗರೀಟಾ ಮಾಡುವಾಗ ಕಿತ್ತಳೆ ಲಿಕ್ಯೂರ್ ಬಿಟ್ಟು ಅಗಾವೆ ಸಿರಪ್ ಹಾಕಿ. ಸ್ಯಾನ್ ಫ್ರಾನ್ಸಿಸ್ಕೊದ ಟಾಮೀಸ್ ರೆಸ್ಟೊರೆಂಟ್‌ನಿಂದ ಹೆಸರಾದ ವಿಧಾನ ಅದು. ಪಲೋಮಾ ಅನ್ನುವ ಕಾಕ್‌ಟೇಲ್‌ಗೆ ಮಾತ್ರ ಮಾಗಿಸದ ಬಿಳಿ ಟೆಕಿಲಾ ಸಾಕು. ಚಕ್ಕೋತದ ಸೋಡಾದಲ್ಲಿ ಮರದ ಸೂಕ್ಷ್ಮ ರುಚಿ ತಿಳಿಯುವುದೇ ಇಲ್ಲ.

ಯಾವ ಬ್ರಾಂಡ್ ಕೊಂಡರೂ ಲೇಬಲ್ ಮೇಲೆ 100% ಅಗಾವೆ ಅಂತ ಇದೆಯಾ ನೋಡಿ. ಇಲ್ಲದಿದ್ದರೆ 49% ವರೆಗೆ ಬೇರೆ ಸಕ್ಕರೆ ಬಳಸಿರಬಹುದು.

ಒಮ್ಮೆ ಬೇರೊಂದು ಬ್ರಾಂಡಿನ ಬಾಟಲಿಯನ್ನು ವೈನ್ ಹಾಗೆ ಮಲಗಿಸಿಟ್ಟು ಕಾರ್ಕ್ ಪುಡಿಯಾಯಿತು. ಇಡೀ ಬಾಟಲಿಯನ್ನು ಬಟ್ಟೆಯಲ್ಲಿ ಸೋಸಬೇಕಾಯಿತು. ಈಗ ಬಿಸಿಲು ಬೀಳದ ಕಪಾಟಿನಲ್ಲಿ ನಿಲ್ಲಿಸಿಯೇ ಇಡುತ್ತೇನೆ. ಕಾಲು ಬಾಟಲಿಗೆ ಇಳಿದ ಮೇಲೆ ತಿಂಗಳುಗಟ್ಟಲೆ ಬಿಟ್ಟರೆ ಘಮ ತೆಳುವಾಗುತ್ತದೆ. ಅಷ್ಟರೊಳಗೆ ಗೆಳೆಯರನ್ನು ಊಟಕ್ಕೆ ಕರೆದುಬಿಡುತ್ತೇನೆ.